ಹದಿನೈದರಲ್ಲಿ ಏಳು ಕಳೆದರೆ

ನಮ್ಮ ಚಿಕ್ಕಮ್ಮನ ಹತ್ತಿರ ಎಂಟೂ ಐದೂ ಎಷ್ಟು ಅಂತ ಮಾತ್ರ ಕೇಳಬೇಡಿ. ಅವರಿಗೆ ಬರೋದಿಲ್ಲ ಅಂತಲ್ಲ. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳಿಗೆ ಕೂಡೋದು, ಕಳೆಯೋದು, ಕನ್ನಡ ಬರೆಯೋದು ಕಲಿಸುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡವರು ಅವರು. ಆದರೆ ಅವರಿಂದ ಉತ್ತರ ಬರೋ ಹೊತ್ತಿಗೆ ನಿಮ್ಮ ಕೂದಲೂ ಬೆಳ್ಳಗಾಗಿರುತ್ತೆ, ಅಷ್ಟೆ.

ಸ್ಕೂಲಿನಿಂದ ರಿಟೈರ್ ಆದಮೇಲೆ ಮತ್ತಿಕೆರೆಯ ಮನೆಯ ತಾರಸಿ ಮೇಲೆ ಸಂಜೆ ಟ್ಯೂಷನ್ ಶುರು ಮಾಡಿದರು. ಚಾಪೆ, ಕಪ್ಪು ಹಲಗೆ, ಡಬ್ಬಿ ತುಂಬಾ ಹುಣಸೆ ಬೀಜ. ನಾನು ಕೆಂಪಾಪುರದಿಂದ ಕಾಫಿ ನೆಪದಲ್ಲಿ ಆಗಾಗ ಹೋಗಿ ಮೂಲೆಯಲ್ಲಿ ಕೂರುತ್ತೇನೆ. ಆ ಹೊತ್ತಿಗೆ ನೀರಿನ ಟ್ಯಾಂಕುಗಳ ಮೇಲೆ ಬಿಸಿಲು ಜೇನಿನ ಹಾಗೆ ಇಳಿಯುತ್ತಿರುತ್ತೆ. ಒಣಗಿದ ಸೀರೆಗಳು ತಂತಿ ಮೇಲೆ ನಿಧಾನವಾಗಿ ಉಸಿರಾಡುತ್ತಿರುತ್ತವೆ. ಹೊಂಗೆ ಮರದ ಗಿಳಿಗಳು ಜಗಳ ಮುಗಿಸಿ ತೂಕಡಿಸುತ್ತಿರುತ್ತವೆ. ಚಿಕ್ಕಮ್ಮ ಹಲಗೆ ಮುಂದೆ ನಿಂತು, "ಎಂಟಕ್ಕೆ ಐದು ಕೂಡಿಸಿದ್ರೆ..." ಅನ್ನುತ್ತಾರೆ. ಅಷ್ಟರಲ್ಲಿ ಮೇಲೊಂದು ಮೋಡ ಕಾಣಿಸುತ್ತೆ. ಮುಗೀತು. ಸೀಮೆಸುಣ್ಣ ಗಾಳಿಯಲ್ಲಿ, ಕಣ್ಣು ಆಕಾಶದಲ್ಲಿ.

"ಮಿಸ್ ಹೋದ್ರು," ಅಂತ ಮುಂದಿನ ಸಾಲಿನವನೊಬ್ಬ ತಣ್ಣಗೆ ತಿಳಿಸುತ್ತಾನೆ.

ಮಕ್ಕಳು ಇನ್ನೇನು ಮಾಡಬೇಕು ಹೇಳಿ? ತಾವೇ ಬೀಜ ಸುರಿದುಕೊಳ್ಳುತ್ತಾರೆ, ಎಣಿಸುತ್ತಾರೆ, ಕಿತ್ತಾಡುತ್ತಾರೆ, ಮತ್ತೆ ಎಣಿಸುತ್ತಾರೆ. ಚಿಕ್ಕಮ್ಮ ವಾಪಸ್ ಬರುವ ಹೊತ್ತಿಗೆ ಉತ್ತರ ತಯಾರು.

"ಎಷ್ಟಾಯ್ತು?"

"ಹದಿಮೂರು, ಮಿಸ್."

"ಹೌದಾ? ಹೇಗೆ?" ಅಂತ ನಿಜವಾಗಿಯೂ ಆಶ್ಚರ್ಯಪಟ್ಟು ಕೇಳುತ್ತಾರೆ. ಇವರಿಗೆ ಇದನ್ನೂ ಹೇಳಿಕೊಡಬೇಕಲ್ಲ ಅಂತ ಮಕ್ಕಳು ನಿಟ್ಟುಸಿರು ಬಿಟ್ಟು ವಿವರಿಸುತ್ತಾರೆ.

ಬರವಣಿಗೆ ಪಾಠದ್ದು ಇನ್ನೊಂದು ಕತೆ. ಒಂದು ಸಲ ಮಕ್ಕಳಿಗೆ ಅವರ ಸ್ಕೂಲಿನಲ್ಲಿ ಹಸುವಿನ ಬಗ್ಗೆ ಬರೆದುಕೊಂಡು ಬರೋಕೆ ಹೇಳಿದ್ದರು. ಎಲ್ಲರೂ 'ಹಸು ಒಂದು ಸಾಕು ಪ್ರಾಣಿ' ಅಂತ ಒಂದೇ ಉಸಿರಿಗೆ ಬರೆದರು. "ಹತ್ತಿರದಿಂದ ಹಸು ನೋಡಿರೋರು ಯಾರು?" ಅಂದರು ಚಿಕ್ಕಮ್ಮ. ಒಂದು ಕೈಯೂ ಏಳಲಿಲ್ಲ. ತಕ್ಷಣ ಎಲ್ಲರನ್ನೂ ಹಿಂದಿನ ರಸ್ತೆಯ ಹಾಲಿನವರ ಕೊಟ್ಟಿಗೆಗೆ ನಡೆಸಿಕೊಂಡು ಹೋದರು. ಅಲ್ಲಿ ಹಸುವಿನ ಕಣ್ಣು ನೋಡುತ್ತಾ ಮತ್ತೆ 'ಹೋದರು'. ಹಸು ಮಾತ್ರ ಹೊತ್ತು ಕಳೆಯಲಿಲ್ಲ. ಪಕ್ಕದಲ್ಲಿದ್ದವನ ಲೆಕ್ಕದ ಪುಸ್ತಕಕ್ಕೆ ಬಾಯಿ ಹಾಕಿ, ಹಾಳೆ ಕಿತ್ತು, ಸಮಾಧಾನವಾಗಿ ಮೆಲುಕು ಹಾಕಿತು. ಅವನು ಬರೆದ ಮೊದಲ ವಾಕ್ಯ: 'ಹಸುವಿಗೆ ಭಾಗಾಕಾರ ಇಷ್ಟ.'

"ನೋಡು, ಕಣ್ಣಾರೆ ಕಂಡು ಬರೆದಿದ್ದಾನೆ ಕಣೋ," ಅಂತ ಚಿಕ್ಕಮ್ಮ ನನಗೆ ತೋರಿಸಿ ಹೆಮ್ಮೆಪಟ್ಟರು. ಅವನ ಸ್ಕೂಲಿನ ಮಿಸ್ ಅಷ್ಟೇನೂ ಹೆಮ್ಮೆಪಟ್ಟ ಹಾಗೆ ಕಾಣಲಿಲ್ಲ.

ಇಂಥ ತಾರಸಿಗೆ ಒಂದು ಸಂಜೆ ಬಾಗಲಕೋಟೆ ಕಡೆಯವರೊಬ್ಬರು ಮೆಟ್ಟಿಲು ಹತ್ತಿ ಬಂದರು. ಗೊರಗುಂಟೆಪಾಳ್ಯದ ಹತ್ತಿರ ಫ್ಯಾಕ್ಟರಿ ಕೆಲಸ. ಅವರ ಮಗಳು ಎರಡನೇ ಕ್ಲಾಸು, ಆಗಷ್ಟೇ ಇಲ್ಲಿಗೆ ಸೇರಿದ್ದಳು, ಬಾಯಿ ಬಿಟ್ಟದ್ದನ್ನು ಯಾರೂ ಕೇಳಿರಲಿಲ್ಲ. ಬಂದವರು ನೋಡುತ್ತಾರೆ: ಟೀಚರು ಮೋಡದಲ್ಲಿ, ಮಕ್ಕಳು ಬೀಜದಲ್ಲಿ.

"ಅಕ್ಕೋರ, ಪಾಠ ಯಾವಾಗ ಸುರು ಆಗತೈತ್ರಿ?"

"ನಡೀತಾನೇ ಇದೆಯಲ್ಲಪ್ಪಾ," ಅಂದರು ಚಿಕ್ಕಮ್ಮ.

ಬಂದವರಿಗೆ ನಗು ಬರಲಿಲ್ಲ. "ಸಾಲ್ಯಾಗ ಏನ್ ಕೇಳಿದ್ರೂ ಈಕಿ ಸುಮ್ಮನ ನಿಂದರತಾಳಂತ್ರಿ. ಬುದ್ಧಿ ಕಡಿಮಿ ಅಂತಾರ. ಇಲ್ಲೂ ಕಲೀಲಿಲ್ಲಂದ್ರ ಬಿಡಸ್ತೀನ್ರಿ." ಅಂದವರೇ ಮಗಳ ಕಡೆ ತಿರುಗಿದರು. "ಹೇಳವ್ವಾ, ಹದಿನೈದರಾಗ ಏಳು ಕಳದ್ರ ಎಷ್ಟ?"

ಹುಡುಗಿ ಪೆನ್ಸಿಲ್ ಕಚ್ಚಿಕೊಂಡು ತಲೆ ತಗ್ಗಿಸಿತು. ಅವರು ದನಿ ಏರಿಸಿ ಇನ್ನೊಂದು ಸಲ ಕೇಳಿದರು. ಹುಡುಗಿಯ ಕಿವಿ ಕೆಂಪಾಯಿತು.

"ನೀವು ಸ್ವಲ್ಪ ಕೂತ್ಕೊಳಿ," ಅಂದರು ಚಿಕ್ಕಮ್ಮ. ಆ ದೊಡ್ಡ ಆಳು ಮಕ್ಕಳ ಮಧ್ಯೆ ಮಂಡಿ ಮಡಚಿ ಕೂತರು. "ಈಗ ನೀವು ಹೇಳಿ. ಐವತ್ತಮೂರರಲ್ಲಿ ಇಪ್ಪತ್ತೆಂಟು ಕಳೆದರೆ? ಬೇಗ."

ಮಕ್ಕಳೆಲ್ಲ ತಿರುಗಿ ಅವರ ಮುಖವನ್ನೇ ನೋಡತೊಡಗಿದರು. ಅವರು ಬಾಯಿ ತೆರೆದರು, ಮುಚ್ಚಿದರು, ಹಣೆ ಒರೆಸಿಕೊಂಡರು.

"ಎಲ್ಲಾರೂ ಹಿಂಗ ನೋಡಾಕತ್ರ ತಲಿ ಖಾಲಿ ಆಗತೈತ್ರಿ, ಅಕ್ಕೋರ."

ಮಕ್ಕಳು ನಕ್ಕರು, ನಾನೂ ನಕ್ಕೆ. ನಗಲು ಹೊರಟ ಅವರು ಮಾತ್ರ ಅರ್ಧಕ್ಕೇ ನಿಂತು ಮಗಳ ಕಡೆ ನೋಡಿದರು. ತಾವೇ ಆಡಿದ ಮಾತು ಈಗಷ್ಟೇ ಕಿವಿಗೆ ಬಿದ್ದವರ ಹಾಗೆ.

ಬೆಳಕು ಚಾಪೆಯ ಅಂಚಿಗೆ ಸರಿದಿತ್ತು. ಹುಡುಗಿ ಹದಿನೈದು ಬೀಜ ಎಣಿಸಿ ಇಟ್ಟಿತು. ಐದನ್ನು ಪಕ್ಕಕ್ಕೆ ಸರಿಸಿತು. ಯೋಚಿಸಿತು. ಇನ್ನೆರಡು ಸರಿಸಿತು. ಎದ್ದು ಹೋಗಿ ಅಪ್ಪನ ಕಿವಿಯಲ್ಲಿ ಪಿಸುಗುಟ್ಟಿತು.

"ಎಂಟು ಅಂತ್ರಿ," ಅಂದರು ಅವರು. ಮಗಳ ಕಡೆ ತಿರುಗಿ ಕೇಳಿದರು, "ಹೆಂಗ ಗೊತ್ತಾತವ್ವಾ?"

"ಮೊದ್ಲ ಐದು ತಗದ್ರ ಹತ್ತು ಉಳೀತಾವಪ್ಪಾ. ಆಮ್ಯಾಲ ಎರಡು ತಗದ್ನಿ."

ಆ ತಾರಸಿಯಲ್ಲಿ ನಾವು ಕೇಳಿದ ಅವಳ ಮೊದಲ ಮಾತು ಅದು.

ಪಾಠ ಮುಗಿಯುವವರೆಗೂ ಅವರು ಚಾಪೆ ಬಿಟ್ಟು ಏಳಲಿಲ್ಲ. ಬಿಡಿಸುವ ಮಾತು ಮತ್ತೆ ಎತ್ತಲೂ ಇಲ್ಲ. ಇಬ್ಬರೂ ನನ್ನ ಮುಂದೆಯೇ ಮೆಟ್ಟಿಲಿಳಿದರು. ಅರ್ಧ ದಾರಿಯಲ್ಲಿ ಹುಡುಗಿ ಕೇಳಿದಳು, "ಅಪ್ಪಾ, ಐವತ್ತಮೂರರಾಗ ಇಪ್ಪತ್ತೆಂಟು ಹ್ವಾದ್ರ?"

"ತಡಿಯವ್ವಾ, ಹೇಳತೀನಿ," ಅಂತ ಅವರು ಅಲ್ಲೇ ನಿಂತರು.

ಅವಳು ಅವಸರ ಮಾಡಲಿಲ್ಲ. ಅಪ್ಪನ ಬೆರಳು ಹಿಡಿದುಕೊಂಡು, ಅವರಿಗೆ ಬೇಕಾದಷ್ಟು ಹೊತ್ತು ಕಾದಳು.