ಆರನೇ ಪಂಜರದ ಉಪವಾಸಭಂಗ

ಹಾಸನ, ಆಗಸ್ಟ್ ೨೦೦೩

ಔಷಧ ಕಾಲೇಜಿನ ಪ್ರಾಣಿಗೃಹದ ಆರನೇ ಪಂಜರವನ್ನು ಅಲಂಕರಿಸಿರುವ ಶ್ರೀ ಬಿಳಿ ಇಲಿಯವರ ಸನ್ನಿಧಿಗೆ, ಎಂ.ಫಾರ್ಮ್ ಕೊನೆಯ ವರ್ಷದ ಹಂಸ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಮೈಕಟ್ಟು ನೋಡಿದರೆ ನಂಬದೆ ವಿಧಿಯಿಲ್ಲ. ಕೀಲುನೋವಿನ ಹೊಸ ಔಷಧ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆಯೋ ಇಲ್ಲವೋ ಎಂದು ತಿಳಿಯಲು ತಮ್ಮನ್ನೂ ತಮ್ಮ ಐವರು ಬಂಧುಗಳನ್ನೂ ರಾತ್ರಿ ಉಪವಾಸ ಕೆಡವಿ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಅದನ್ನು ಕುಡಿಸಿ, ಏಳು ದಿನ ಗೋಳು ಹುಯ್ದುಕೊಂಡವಳು ನಾನೇ. ಎಂಟನೆಯ ದಿನ ಆ ಐವರ ಹೊಟ್ಟೆ ತೆರೆದು ನೋಡಿದರೆ, ಅಬ್ಬಬ್ಬಾ, ಒಂದು ಚುಕ್ಕೆ ಹುಣ್ಣಿಲ್ಲ! ಮಾರ್ಗದರ್ಶಕರಾದ ಚನ್ನಬಸವಯ್ಯನವರು ಮೈಸೂರುಪಾಕು ತರಿಸಿದರು. ಹೊಳೆನರಸೀಪುರದಲ್ಲಿ ನಮ್ಮ ತಂದೆಯವರು ಮಗಳ ಪದವಿ ಮುಗಿದೇಹೋಯಿತೆಂದು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆಲ್ಲ ಸಾರಿಬಿಟ್ಟರು.

ಆಮೇಲೆ ತಮ್ಮ ಸರದಿ ಬಂತು. ನೋಡಿದರೆ ಮೀಸೆಯಲ್ಲಿ ಮೊಸರನ್ನದ ಅಗುಳು!

ಪಂಜರ ತೊಳೆಯುವ ಶಿವಗಂಗಮ್ಮನವರನ್ನು ಕೇಳಿದೆ. "ಕಾಲಿ ವಟ್ಟೆಗೆ ಯಾರಾರ ನೋವಿನ್ ಮಾತ್ರೆ ಕೊಡ್ತಾರೇನವ್ವಾ? ನನ್ಗೇ ಡಾಕ್ಟ್ರು ಉಂಡ್ಬುಟ್ಟು ನುಂಗು ಅಂದವ್ರೆ. ನೀವ್ ಬರಾಕ್ ಮುಂಚೆ ದಿನಾ ಎಲ್ಲಾರ್ಗೂ ಒಂದೊಂದ್ ತುತ್ತು ಇಕ್ಕಿವ್ನಿ" ಎಂದರು.

ಅವರ ಮೇಲೆ ನನಗೆ ದೂರಿಲ್ಲ. ದೂರೆಲ್ಲ ತಮ್ಮ ಮೇಲೆಯೇ. ಏಳು ದಿನ ನನ್ನ ಅಂಗೈಯಲ್ಲಿ ಕೂತು ತೂಕಕ್ಕೆ ಹೋಗುತ್ತಿದ್ದ ತಾವು, ಮೋಸದ ಸುಳಿವು ಕೊಡಲು ಒಂದು ತೇಗನ್ನಾದರೂ ತೇಗಬಾರದಿತ್ತೇ?

ಮುಚ್ಚಿಹಾಕಿದ್ದರೆ ಈ ವರ್ಷವೇ ಪದವಿ ಕೈಗೆ ಬರುತ್ತಿತ್ತು. ಆದರೆ ಅರಕಲಗೂಡಿನ ಕಡೆ ಶುಂಠಿ ಕೀಳುವ ಹೆಂಗಸರು ಬೆಳಗಾಗೆದ್ದು ಬರಿಹೊಟ್ಟೆಗೇ ನೋವಿನ ಮಾತ್ರೆ ನುಂಗಿ ಹೊಲಕ್ಕೆ ಹೊರಡುವುದನ್ನು ಕಂಡವಳು ನಾನು. ಅವರಿಗೆ ತುತ್ತು ಇಕ್ಕಲು ಯಾವ ಶಿವಗಂಗಮ್ಮ ಬರುತ್ತಾರೆ? ಹೋಗಿ ಹೇಳಿಬಿಟ್ಟೆ. ಚನ್ನಬಸವಯ್ಯನವರು ಕೈಯಲ್ಲಿದ್ದ ಮೈಸೂರುಪಾಕನ್ನು ಡಬ್ಬಿಗೆ ವಾಪಸು ಹಾಕಿದರು. ಎಲ್ಲವೂ ಮೊದಲಿನಿಂದ, ಹೊಸ ಇಲಿಗಳೊಂದಿಗೆ. ನನ್ನ ಪದವಿ ಆರು ತಿಂಗಳು ಮುಂದಕ್ಕೆ. ಉಂಡವರು ಪರೀಕ್ಷೆಗೆ ಅನರ್ಹರಾದ್ದರಿಂದ ತಮ್ಮ ಜೀವ ಮಾತ್ರ ಉಳಿಯಿತು, ಅಭಿನಂದನೆಗಳು. ಆ ಐವರು ಸುಮ್ಮಸುಮ್ಮನೆ ಹೋದರಲ್ಲಾ ಎಂದು ನೆನೆದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಆದ್ದರಿಂದ, ಒಳಗೆ ಉರಿಯುತ್ತಿದೆಯೋ ಇಲ್ಲವೋ ಎಂಬುದನ್ನು ಇನ್ನು ಮುಂದೆ ಲಿಖಿತವಾಗಿಯೇ ತಿಳಿಸಬೇಕೆಂದು ತಮ್ಮ ಕುಲಬಾಂಧವರಿಗೆ ಅಪ್ಪಣೆ ಕೊಡಿಸಿದರೆ, ಕತ್ತರಿ ಹಿಡಿಯುವ ಕರ್ಮ ನನಗೂ ತಪ್ಪೀತು.

ತಮ್ಮ ವಿಶ್ವಾಸಿ,
ಇನ್ನೂ ಪದವಿ ಕಾಣದ ಹಂಸ

ವಿ.ಸೂ.: ಹೊಸ ಇಲಿಗಳು ಸೋಮವಾರ ಬರುತ್ತವೆ. ಶಿವಗಂಗಮ್ಮನವರಿಗೆ ಎಲ್ಲವನ್ನೂ ಒಂದು ಗಂಟೆ ಕೂತು ಬಿಡಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಎಷ್ಟ್ ಜನ ಬತ್ತಾರವ್ವಾ?" ಎಂದು ವಿಚಾರಿಸಿ, ಹಾಲಿಗೆ ಹೆಪ್ಪು ಹಾಕಲು ಮನೆಗೆ ಹೋದರು.