ಎಲ್ಲರೂ ಒಂದೇ ದಿಕ್ಕಿಗೆ ಹೋಗುವ ರಸ್ತೆ

ದೆಹಲಿಯ ಸುತ್ತಮುತ್ತ ಎಲ್ಲ ವಾಹನಗಳೂ ಒಂದೇ ದಿಕ್ಕಿಗೆ ಹೋಗುವ ರಸ್ತೆಯೊಂದಿದೆ ಎಂದು ಬೇರೆ ಯಾರು ಹೇಳಿದ್ದರೂ ನಾನು ನಂಬುತ್ತಿರಲಿಲ್ಲ. ಆದರೆ ಹೇಳಿದವನು ಮೇಲಿನ ಮನೆಯ ರಿಯಾಜ್. ಹಾಸನದ ಹುಡುಗ, ನೋಯ್ಡಾದಲ್ಲಿ ಐಟಿ ಕೆಲಸ. ನನ್ನ ಬಿಸಿಬೇಳೆಬಾತ್ ಕೆಟ್ಟ ದಿನ ಕೆಟ್ಟಿದೆ ಎಂದೇ ಹೇಳುವಷ್ಟು ಸತ್ಯವಂತ.

"ರೇಸ್ ಟ್ರ್ಯಾಕ್, ಆಂಟಿ. ಗ್ರೇಟರ್ ನೋಯ್ಡಾ ಹತ್ರ. ಶನಿವಾರ ನಮ್ಮ ನಮ್ಮ ಕಾರೇ ತಗೊಂಡು ಹೋಗಿ ಓಡಿಸ್ಬಹುದು. ನನ್ನ ಫ್ರೆಂಡ್ ಕೈ ಕೊಟ್ಟ, ಒಂದು ಜಾಗ ಖಾಲಿ ಇದೆ. ಇ-ರಿಕ್ಷಾ ಇಲ್ಲ, ಟ್ರ್ಯಾಕ್ಟರ್ ಇಲ್ಲ, ಹಸು ಇಲ್ಲ. ರಾಂಗ್ ಸೈಡಲ್ಲಿ ಯಾರೂ ಬರಲ್ಲ. ಎಲ್ಲರೂ ಒಂದೇ ದಿಕ್ಕಿಗೆ ಹೋಗ್ತಾರೆ."

ಕೊನೆಯ ಮಾತು ಕೇಳಿ ನನಗೆ ಕಣ್ಣು ತುಂಬಿ ಬಂತು.

ಕಾರಣ ಹೇಳುತ್ತೇನೆ. ಸರೋಜಿನಿ ನಗರದ ಸರ್ಕಾರಿ ಕಾಲೊನಿಯ ಸಮುದಾಯ ಭವನದಲ್ಲಿ ಭಾನುವಾರ ಬೆಳಿಗ್ಗೆ ನಾನು ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಎಲ್ಲರೂ ದೆಹಲಿಯಲ್ಲೇ ಹುಟ್ಟಿದ ಮಕ್ಕಳು. ಕನ್ನಡದಲ್ಲಿ ಬೈದರೆ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. ಅವರು ಬರುವುದು ಕನ್ನಡಕ್ಕೋ ನಾನು ಒಯ್ಯುವ ಚಿತ್ರಾನ್ನಕ್ಕೋ ಎಂದು ನಾನು ಎಂದೂ ವಿಚಾರಿಸಲು ಹೋಗಿಲ್ಲ. ಫರೀದಾಬಾದಿನಿಂದ ನನ್ನನ್ನು ಅಲ್ಲಿಗೆ ಕಾರಿನಲ್ಲಿ ಬಿಡುತ್ತಿದ್ದವರು ನಮ್ಮ ಯಜಮಾನರು. ಕಾರ್ಖಾನೆಯಲ್ಲಿ ಯಂತ್ರಗಳ ರಿಪೇರಿ ಅವರ ಜವಾಬ್ದಾರಿ. ಇತ್ತೀಚೆಗೆ ಬಂದ ಹೊಸ ಮೇಲಧಿಕಾರಿಯ ಪ್ರಕಾರ ಯಂತ್ರಗಳು ಭಾನುವಾರವೇ ರಿಪೇರಿಯಾಗಬೇಕು. ಉಳಿದ ಯಾವ ದಿನ ಬೇಕಾದರೂ ರಜೆ ಸಿಗುತ್ತದೆ, ಭಾನುವಾರ ಮಾತ್ರ ಇಲ್ಲ.

ಮೆಟ್ರೋದಲ್ಲಿ ಹೋಗಬಹುದಲ್ಲ ಎನ್ನುತ್ತೀರಿ. ಹೋದೆ. ಹಾರ್ಮೋನಿಯಂ, ಮರದ ಅಕ್ಷರಗಳ ಪೆಟ್ಟಿಗೆ, ಚಿತ್ರಾನ್ನದ ದೊಡ್ಡ ಡಬ್ಬ. ತಪಾಸಣೆಯ ಯಂತ್ರದ ಬಳಿ ಪೊಲೀಸ್ ಭಯ್ಯಾ ಹಾರ್ಮೋನಿಯಂ ಬಿಚ್ಚಿಸಿದ, ಬಾರಿಸಿ ತೋರಿಸಲು ಹೇಳಿದ. ನನ್ನ ಹಿಂದಿನ ಸಾಲು ರಸ್ತೆಗೆ ಬಂತು. ನಾನು ಮನೆಗೆ ಬಂದೆ.

ಹೀಗೆ ಎರಡು ಭಾನುವಾರ ತರಗತಿ ತಪ್ಪಿತು. ಭವನದ ಕಾರ್ಯದರ್ಶಿ ಖನ್ನಾ ಸಾಹೇಬರು ಫೋನ್ ಮಾಡಿ, ಈ ಭಾನುವಾರವೂ ಟೀಚರ್ ಬರದಿದ್ದರೆ ಕೋಣೆಯನ್ನು ಜುಂಬಾ ಕುಣಿತದ ತರಗತಿಗೆ ಕೊಡಲಾಗುವುದು ಎಂದು ಬಹಳ ವಿನಯದಿಂದ ತಿಳಿಸಿದರು. ಕನ್ನಡದ ಜಾಗದಲ್ಲಿ ಜುಂಬಾ ಬರುವುದನ್ನು ತಡೆಯಲು ಉಳಿದದ್ದು ಒಂದೇ ದಾರಿ. ನಾನೇ ಕಾರು ಓಡಿಸಿಕೊಂಡು ಹೋಗುವುದು.

ಲೈಸೆನ್ಸ್ ಇತ್ತು. ಐವತ್ತು ದಾಟಿದ ಮೇಲೆ ಹಟದಿಂದ ಪಡೆದದ್ದು. ಆದರೆ ಯಜಮಾನರು ಪಕ್ಕದಲ್ಲಿ ಕುಳಿತು "ಬ್ರೇಕು, ಬ್ರೇಕು" ಎಂದು ಜಪ ಮಾಡದೆ ನಾನು ಒಮ್ಮೆಯೂ ಓಡಿಸಿರಲಿಲ್ಲ. ಎದುರಿನಿಂದ ತಪ್ಪು ದಿಕ್ಕಿನಲ್ಲಿ ಯಾರಾದರೂ ಬಂದರೆ ನನ್ನ ಕೈಕಾಲು ಕಲ್ಲಾಗುತ್ತವೆ. ಫರೀದಾಬಾದಿನಲ್ಲಿ ಹಾಗೆ ಬರುವುದು ತಪ್ಪಲ್ಲ, ಅದೊಂದು ಅನುಕೂಲ. ಒಮ್ಮೆ ಹಾಲಿನ ವ್ಯಾನ್ ಎದುರು ನಾನು ರಸ್ತೆಯ ನಡುವೆಯೇ ನಿಂತುಬಿಟ್ಟೆ. ಯಜಮಾನರು ಇಳಿದು ವ್ಯಾನಿನವನಿಗೆ ಕೈಮುಗಿಯಬೇಕಾಯಿತು.

ರಿಯಾಜ್ ಹೇಳಿದ ರಸ್ತೆಯಲ್ಲಿ ಒಂದು ದಿನ ಓಡಿಸಿ ಧೈರ್ಯ ತುಂಬಿಕೊಂಡರೆ ಮರುದಿನ ಭಾನುವಾರ ಸರೋಜಿನಿ ನಗರ ನನ್ನದೇ. ಇಷ್ಟು ಸರಳವಾದ ಯೋಜನೆ ಯಾರಿಗೂ ಹೊಳೆದಿರಲಿಲ್ಲವಲ್ಲ ಎಂದು ನನಗೆ ನನ್ನ ಬಗ್ಗೆಯೇ ಗೌರವ ಮೂಡಿತು.

"ರೇಸಿಗೆ ಹೋಗ್ತೀಯಾ?" ಯಜಮಾನರು ಕೈಯಲ್ಲಿದ್ದ ಲೋಟ ಕೆಳಗಿಟ್ಟು ಕೇಳಿದರು.

"ರೇಸಿಗಲ್ಲಾರೀ. ಪ್ರಾಕ್ಟೀಸಿಗೆ."

"ನಾನೂ ಬರ್ತೀನಿ. ಪಕ್ಕದಲ್ಲಿ ಕೂತು ಹೇಳ್ತೀನಿ."

"ಪಕ್ಕದಲ್ಲಿ ಯಾರೂ ಕೂರೋ ಹಾಗಿಲ್ಲವಂತೆ ಅಂಕಲ್," ಎಂದ ರಿಯಾಜ್. ನನ್ನ ಉತ್ಸಾಹ ಇಮ್ಮಡಿಯಾಯಿತು.

ಶನಿವಾರ ಯಜಮಾನರೇ ನಮ್ಮ ಪುಟ್ಟ ಬಿಳಿ ಕಾರನ್ನು ಟ್ರ್ಯಾಕಿನವರೆಗೆ ಓಡಿಸಿಕೊಂಡು ಬಂದರು. ರಿಯಾಜ್ ತನ್ನ ಕೆಂಪು ಕಾರಿನಲ್ಲಿ ಮುಂದೆ. ಒಳಗೆ ನೋಡಿದರೆ ನೆಲಕ್ಕೆ ಅಂಟಿಕೊಂಡಂಥ ಕಾರುಗಳು, ಅವುಗಳಿಗೆ ಒರಗಿ ನಿಂತ ಕಪ್ಪು ಕನ್ನಡಕದ ಹುಡುಗರು. ನಮ್ಮ ಕಾರು ಮದುವೆಮನೆಗೆ ಬಂದ ಬಡ ಸೋದರತ್ತೆಯ ಹಾಗೆ ಒಂದು ಮೂಲೆಯಲ್ಲಿ ನಿಂತಿತು.

ಮೊದಲು ತಪಾಸಣೆ. ಅಲುಗಾಡುವ ವಸ್ತು ಯಾವುದೂ ಕಾರಿನೊಳಗೆ ಇರಬಾರದು ಎಂದು ನಿಯಮ. ತಪಾಸಣೆಯವನು ಬಾಗಿಲು ತೆರೆದ. ಆಮೇಲೆ ಒಂದೊಂದೇ ಹೊರಗೆ ಬರತೊಡಗಿದವು. ಗಣಪತಿ, ನಿಂಬೆಹಣ್ಣು ಮೆಣಸಿನಕಾಯಿ, ಎರಡು ಕೊಡೆ, ಬೆಂಗಳೂರಿನಿಂದ ಬಂದವರು ಚಾಣಕ್ಯಪುರಿಯ ಅತಿಥಿಗೃಹದಲ್ಲಿ ನಮಗಾಗಿ ಬಿಟ್ಟುಹೋಗಿದ್ದ ರಾಗಿಹಿಟ್ಟಿನ ಚೀಲ, ಯಜಮಾನರು ಹೋದ ಚಳಿಗಾಲದಲ್ಲಿ ಕಳೆದುಹೋಯಿತೆಂದು ನನ್ನ ಮೇಲೆ ಆರೋಪ ಹೊರಿಸಿದ್ದ ಮಫ್ಲರ್.

"ನೋಡಿದ್ರಾ?" ಎಂದೆ.

"ಮೊದಲು ಓಡಿಸು," ಎಂದರು.

ಕೊನೆಗೆ ನಾನು ಕೂರುವ ದಿಂಬಿಗೂ ಕೈ ಹಾಕಿದ. ದಿಂಬಿಲ್ಲದಿದ್ದರೆ ನನಗೆ ಸ್ಟಿಯರಿಂಗ್ ಬಿಟ್ಟು ಮುಂದೇನೂ ಕಾಣುವುದಿಲ್ಲ. ಆಗ ರಿಯಾಜ್ ನನ್ನನ್ನು ಸೀಟಿನಲ್ಲಿ ಕೂರಿಸಿ, ಬಗ್ಗಿ ಅದರ ಪಕ್ಕದ ಒಂದು ಹಿಡಿಯನ್ನು ಎಳೆದ. ಸೀಟು ನನ್ನನ್ನು ಹೊತ್ತುಕೊಂಡು ತಾನಾಗಿ ಮೇಲೇರಿತು. ಇಷ್ಟು ವರ್ಷ ಆ ಕಾರಿನ ಒಡತಿಯಾಗಿ ದಿಂಬಿನ ಮೇಲೆ ಕುಳಿತವಳು ನಾನು. ಯಂತ್ರಗಳ ರಿಪೇರಿಯವರು ಬೇರೆ ಕಡೆ ನೋಡುತ್ತಿದ್ದರು.

ಹೆಲ್ಮೆಟ್ ನನ್ನ ತುರುಬಿನ ಮೇಲೆ ದೇವಸ್ಥಾನದ ಕಳಶದಂತೆ ಕುಳಿತಿತು, ಒಳಗೆ ಇಳಿಯಲಿಲ್ಲ. ತುರುಬು ಬಿಚ್ಚಿ ಕೂದಲನ್ನು ಒಳಗೆ ತುರುಕುವ ಹೊತ್ತಿಗೆ ಟ್ರ್ಯಾಕಿನ ಮುಖ್ಯಸ್ಥ ಚೌಧರಿ ಸಾಹೇಬರು, ದೊಡ್ಡ ಮೀಸೆಯವರು, ಬಾವುಟಗಳ ಅರ್ಥ ವಿವರಿಸುತ್ತಿದ್ದರು. ನಾನು ಕೇಳಿಸಿಕೊಂಡದ್ದು ಕೊನೆಯದೊಂದೇ. ಕಪ್ಪು ಬಿಳಿ ಚೌಕುಳಿ ಬಾವುಟ ಕಂಡರೆ ಸರದಿ ಮುಗಿಯಿತು, ಬಲಗಡೆಯ ಓಣಿಯಿಂದ ಒಳಗೆ ಬನ್ನಿ.

ಹೊರಟೆ. ಟ್ರ್ಯಾಕ್ ಬಲಕ್ಕೆ ಸುತ್ತುತ್ತದೆಂದು ತಿಳಿದು ಸಮಾಧಾನವಾಯಿತು. ಪ್ರದಕ್ಷಿಣೆ ತಾನೆ. ಮೊದಲ ಸುತ್ತಿನಲ್ಲಿ ಪ್ರತಿ ತಿರುವಿಗೂ ಹಾರ್ನ್ ಹೊಡೆದೆ, ಇಂಡಿಕೇಟರ್ ಹಾಕಿದೆ. ರಸ್ತೆಯೋ, ಹಪ್ಪಳ ಹರವಬಹುದಾದಷ್ಟು ನುಣುಪು. ಎರಡನೆಯ ಸುತ್ತಿನಲ್ಲಿ ತಿರುವು ತಿರುವಿಗೂ ಯಾರೋ ನಿಂತು ನನ್ನತ್ತ ನೀಲಿ ಬಾವುಟ ಬೀಸತೊಡಗಿದರು. ಈ ವಯಸ್ಸಿನಲ್ಲಿ ಬಂದಿದ್ದಾಳೆಂದು ಪಾಪ ಹುರಿದುಂಬಿಸುತ್ತಿದ್ದಾರೆ! ನಾನೂ ಒಂದು ಕೈ ಎತ್ತಿ ಎಲ್ಲರಿಗೂ ನಮಸ್ಕಾರ ಹೇಳುತ್ತಾ ಹೋದೆ. ಹಿಂದಿನವರಿಗೆ ದಾರಿ ಬಿಡು ಎಂಬುದು ಅದರ ಅರ್ಥವೆಂದು ಆಮೇಲೆ ತಿಳಿಯಿತು. ಆಗ ನನ್ನ ಹಿಂದೆ ಕಾರುಗಳು ಗಣೇಶನ ಮೆರವಣಿಗೆಯಂತೆ ಬರುತ್ತಿದ್ದವಂತೆ.

ಉದ್ದನೆಯ ನೇರ ರಸ್ತೆಯಲ್ಲಿ ಕಾರು ಎಂಬತ್ತು ಮುಟ್ಟಿತು. ಜೀವನದಲ್ಲಿ ಮೊದಲ ಸಲ. ಎಡಗಡೆಯಿಂದ ಯಾರೂ "ಬ್ರೇಕು" ಎನ್ನಲಿಲ್ಲ. ಖಾಲಿ ಸೀಟನ್ನು ನೋಡಿ ನಕ್ಕುಬಿಟ್ಟೆ.

ಆ ನಗುವಿನಲ್ಲೇ ಚೌಕುಳಿ ಬಾವುಟ ದಾಟಿದೆ. ಆ ಸುತ್ತು ಮುಗಿಸಿ ಒಳಗೆ ಹೋಗುವ ಓಣಿ ಹುಡುಕುತ್ತಿದ್ದಂತೆ ಅದು ಬಲಗಡೆ ಬಂತು. ಹೋಯಿತು. ಮುಂದಿದ್ದ ಕಾರು ಒಳಗೆ ತಿರುಗಿತು, ನಾನು ಮುಂದಕ್ಕೆ ಬಂದುಬಿಟ್ಟೆ.

ಇಲ್ಲಿ ಓದುಗರು ದಯವಿಟ್ಟು ನನ್ನ ಜಾಗದಲ್ಲಿ ನಿಂತು ಯೋಚಿಸಬೇಕು. ಇನ್ನೊಂದು ಇಡೀ ಸುತ್ತು ಹೋದರೆ ಒಳಗಿನವರೆಲ್ಲ ನನಗಾಗಿ ಕಾಯಬೇಕು. ಓಣಿ ಇರುವುದು ಇಲ್ಲೇ, ಬೆನ್ನ ಹಿಂದೆ. ಇಪ್ಪತ್ತು ವರ್ಷ ಫರೀದಾಬಾದಿನಲ್ಲಿ ಬಾಳಿದ ಮನುಷ್ಯರು ಇಂಥ ಸಂದರ್ಭದಲ್ಲಿ ಏನು ಮಾಡುತ್ತಾರೆ?

ನಾನು ಯೂ-ಟರ್ನ್ ಹೊಡೆದೆ.

ಬಹಳ ಚೆನ್ನಾಗಿ ಹೊಡೆದೆ ಎಂದು ಈಗಲೂ ಹೇಳುತ್ತೇನೆ. ಅಷ್ಟು ಅಗಲದ ರಸ್ತೆ, ಒಂದೇ ಸಲಕ್ಕೆ ತಿರುಗಿತು. ಮರುಕ್ಷಣ ಎಲ್ಲ ಕಡೆಯೂ ಕೆಂಪು ಬಾವುಟಗಳು ಎದ್ದವು. ಈ ಸಲ ನಾನು ನಮಸ್ಕಾರ ಹೇಳಲಿಲ್ಲ. ಏಕೆಂದರೆ ಎದುರಿನಿಂದ ಒಂದು ಕಾರು ಬರುತ್ತಿತ್ತು.

ಕೈಕಾಲು ಕಲ್ಲಾಗಲೇಬೇಕಿತ್ತು. ಆಗಲಿಲ್ಲ. ಏಕೆಂದು ಇಂದಿಗೂ ತಿಳಿಯದು. ಕೈ ತಾನಾಗಿ ಸ್ಟಿಯರಿಂಗ್ ತಿರುಗಿಸಿ ಕಾರನ್ನು ಅಂಚಿನ ಹುಲ್ಲಿಗೆ ಒತ್ತಿ ನಿಲ್ಲಿಸಿತು, ಎರಡೂ ಕಡೆಯ ದೀಪ ಮಿಣುಕಿಸಿತು. ಎದುರಿನ ಕಾರು ಕೆಂಪು ಬಾವುಟಕ್ಕೆ ಆಗಲೇ ನಿಧಾನವಾಗಿತ್ತು. ಹತ್ತಿರ ಬಂದು ನಿಂತಿತು. ನೋಡಿದರೆ ನಮ್ಮ ರಿಯಾಜ್. ಮುಖ ಸುಣ್ಣದ ಬಣ್ಣಕ್ಕೆ ತಿರುಗಿತ್ತು.

"ಆಂಟಿ," ಎಂದ, ಕಿಟಕಿಯಿಂದ. "ಇಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಹೋಗ್ತಾರೆ ಅಂತ ಹೇಳಿದ್ದೆ."

"ಗೊತ್ತಪ್ಪ. ಅದಕ್ಕೇ ಧೈರ್ಯವಾಗಿ ತಿರುಗಿಸಿದೆ."

ಇಡೀ ಟ್ರ್ಯಾಕ್ ನಿಂತಿತು. ಮುಂದೆ ಒಂದು, ಹಿಂದೆ ಒಂದು ಜೀಪಿನ ನಡುವೆ, ಮಂತ್ರಿಗಳಿಗೆ ಸಿಗುವಂಥ ಮರ್ಯಾದೆಯಲ್ಲಿ ನನ್ನನ್ನು ಒಳಗೆ ಕರೆತಂದರು. ಚೌಧರಿ ಸಾಹೇಬರು ಮೀಸೆ ಸವರುತ್ತಾ ನಿಂತಿದ್ದರು.

"ಮಾತಾಜಿ, ಎಲ್ಲಿಂದ ಬಂದಿರಿ?" ಹಿಂದಿಯಲ್ಲಿ ಕೇಳಿದರು.

"ಫರೀದಾಬಾದ್."

"ಅಚ್ಛಾ," ಎಂದರು. ಅವರ ಮಟ್ಟಿಗೆ ವಿಚಾರಣೆ ಮುಗಿದಿತ್ತು. ನನ್ನ ಮಣಿಕಟ್ಟಿಗೆ ಕಟ್ಟಿದ್ದ ಪ್ರವೇಶದ ಪಟ್ಟಿಯನ್ನು ತಾವೇ ಕತ್ತರಿಸಿ, ಇನ್ನು ಗ್ಯಾಲರಿಯಲ್ಲಿ ಕುಳಿತು ನೋಡಬಹುದು ಎಂದರು.

ಮನೆಗೆ ವಾಪಸ್ ಯಜಮಾನರೇ ಓಡಿಸಿದರು. ರಾಗಿಹಿಟ್ಟು ನನ್ನ ತೊಡೆಯ ಮೇಲೆ. ಕನ್ನಡ ಹೋಯಿತು, ಜುಂಬಾ ಬಂತು ಎಂದುಕೊಂಡು ನಾನು ಕಿಟಕಿಯಾಚೆ ನೋಡುತ್ತಿದ್ದೆ. ಆ ಎರಡು ಕ್ಷಣ ನಾನೇ ತಪ್ಪು ದಿಕ್ಕಿನ ಇ-ರಿಕ್ಷಾ ಆಗಿದ್ದೆ ಎಂಬುದು ಮನಸ್ಸಿನಿಂದ ಹೋಗುತ್ತಿರಲಿಲ್ಲ. ಇಷ್ಟು ವರ್ಷ ಅವರನ್ನು ರಾಕ್ಷಸರೆಂದುಕೊಂಡಿದ್ದೆ. ಪಾಪ, ಅವರೂ ತಿರುವು ತಪ್ಪಿದವರೇ ಇರಬೇಕು. ಎದೆ ಡವಡವ ಎನ್ನುತ್ತಲೇ ಬರುತ್ತಾರೋ ಏನೋ.

"ಆ ಕೆಂಪು ಕಾರು ಎದುರಿಗೆ ಬಂದಾಗ," ನದಿ ದಾಟಿದ ಮೇಲೆ ಯಜಮಾನರು ಬಾಯಿ ಬಿಟ್ಟರು, "ನೀನು ಪಕ್ಕಕ್ಕೆ ತಗೊಂಡೆ."

"ಹೂಂ."

"ಗ್ಯಾಲರಿಯಿಂದ ನಾನು ಬ್ರೇಕು, ಬ್ರೇಕು ಅಂತ ಕೂಗಿದೆ. ನಿನಗೆ ಕೇಳಿಸ್ತಾ?"

"ಇಲ್ಲ."

"ಕೇಳಿಸದೇ ಇದ್ರೂ ಸರಿಯಾಗೇ ತಗೊಂಡೆ." ಸ್ವಲ್ಪ ದೂರ ಹೋದ ಮೇಲೆ ಮತ್ತೆ ಹೇಳಿದರು, "ಪೆಟ್ರೋಲ್ ಹಾಕಿಸಿಬಿಡ್ತೀನಿ. ಬೆಳಿಗ್ಗೆ ನಿನಗೆ ಹೊತ್ತಾಗತ್ತೆ."

ಮದುವೆಯಾದಾಗಿನಿಂದ ಇವರು ಇಷ್ಟು ಉದ್ದಕ್ಕೆ ನನ್ನನ್ನು ಹೊಗಳಿದ್ದು ನೆನಪಿಲ್ಲ.

ಭಾನುವಾರ ನಾನೊಬ್ಬಳೇ ಹೊರಟೆ. ಹಾರ್ಮೋನಿಯಂಗೆ ಸೀಟುಬೆಲ್ಟ್ ಕಟ್ಟಿದ್ದೆ. ಮನೆಯಿಂದ ಎರಡನೆಯ ತಿರುವಿನಲ್ಲೇ ಎದುರಿನಿಂದ ಇ-ರಿಕ್ಷಾ ಬಂತು, ಮೇಲೆ ಹೂಕೋಸಿನ ಮೂಟೆಗಳು. ನಾನು ಪಕ್ಕಕ್ಕೆ ಒತ್ತಿ ದಾರಿ ಬಿಟ್ಟೆ. ಅವನು ಕೈ ಎತ್ತಿದ, ನಾನೂ ಎತ್ತಿದೆ. ಒಂದೇ ಕಸುಬಿನವರು.

ಸರೋಜಿನಿ ನಗರ ತಲುಪಿದೆ. ಹೇಳಿದ ಹೊತ್ತಿಗಿಂತ ಮೊದಲೇ. ಆದರೆ ಭಾನುವಾರ ಅಲ್ಲಿನ ಬಟ್ಟೆ ಮಾರ್ಕೆಟ್ಟಿಗೆ ಇಡೀ ದೆಹಲಿ ಬಂದಿರುತ್ತದೆ ಎಂಬುದನ್ನು, ಪ್ರತಿವಾರ ಭವನದ ಬಾಗಿಲಲ್ಲಿ ಇಳಿದು ಒಳಗೆ ಹೋಗಿಬಿಡುತ್ತಿದ್ದ ನಾನು ಎಂದೂ ಗಮನಿಸಿರಲಿಲ್ಲ. ಕಾರಿರಲಿ, ಸೂಜಿ ನಿಲ್ಲಿಸಲೂ ಜಾಗವಿರಲಿಲ್ಲ. ಭವನದ ಗೇಟಿನ ಮುಂದೆ ಮಕ್ಕಳು ಸಾಲಾಗಿ ನಿಂತಿದ್ದರು. ನಾನು ಅವರನ್ನು ದಾಟಿ ಮುಂದೆ ಹೋದೆ. ಕಾಲೊನಿಯನ್ನು ಒಂದು ಸುತ್ತು ಹಾಕಿ ಮತ್ತೆ ಬಂದೆ. ಮತ್ತೆ ಹೋದೆ.

ಮೂರನೆಯ ಸುತ್ತಿಗೆ ಬರುವಾಗ ಖನ್ನಾ ಸಾಹೇಬರು ಗೇಟಿಗೆ ಬಂದಿದ್ದರು.

"ಟೀಚರ್ ಬಂದರಾ?" ಎಂದು ಅವರು ಹಿಂದಿಯಲ್ಲಿ ಕೇಳಿದ್ದು ತೆರೆದ ಕಿಟಕಿಯಿಂದ ನನಗೆ ಕೇಳಿಸಿತು.

"ಬಂದಿದ್ದಾರೆ ಅಂಕಲ್," ಎಂದಳು ಎಲ್ಲರಿಗಿಂತ ಚಿಕ್ಕವಳಾದ ಅನನ್ಯ, ನನ್ನ ಕಾರಿನತ್ತ ಬೆರಳು ತೋರಿಸಿ. "ವೋ ಜಾ ರಹೀ ಹೈಂ." ಅಗೋ, ಹೋಗುತ್ತಿದ್ದಾರೆ ಎಂದು.

ಇನ್ನು ತಡಮಾಡಿದರೆ ಕೋಣೆ ಹೋಗುತ್ತದೆ. ಮುಂದಿನ ಸುತ್ತಿನಲ್ಲಿ ಗೇಟಿನ ಬಳಿ ನಿಧಾನ ಮಾಡಿ ಕಿಟಕಿಯಿಂದ "ಕ ಕಾ ಕಿ ಕೀ" ಎಂದು ಕೂಗಿದೆ. ಮಕ್ಕಳು ಒಕ್ಕೊರಲಿನಿಂದ ಇಡೀ ಕಾಗುಣಿತ ಹೇಳಿದರು. ಅದರ ಮುಂದಿನ ಸುತ್ತಿಗೆ "ಗ ಗಾ ಗಿ ಗೀ". ಬಟ್ಟೆ ಕೊಳ್ಳಲು ಬಂದವರು ನಿಂತು ಕೇಳಿದರು. ಅನನ್ಯ ಯಾರದೋ ನೀಲಿ ದುಪಟ್ಟಾ ಎತ್ತಿ ಬೀಸಿದಳು. ಈ ಸಲ ನನಗೆ ಅರ್ಥ ಗೊತ್ತಿತ್ತು. ಹಿಂದಿನ ಆಟೋಗೆ ದಾರಿ ಬಿಟ್ಟೆ. ಖನ್ನಾ ಸಾಹೇಬರು ತರಗತಿ ನಡೆಯುತ್ತಿದೆಯೋ ಇಲ್ಲವೋ ಎಂದು ನಿರ್ಧರಿಸಲಾಗದೆ ಸ್ವಲ್ಪ ಹೊತ್ತು ನಿಂತು, ಕೊನೆಗೆ ಕೋಣೆಯ ಬೀಗವನ್ನು ತಾವೇ ತೆಗೆಯಲು ಒಳಗೆ ಹೋದರು. ಜುಂಬಾ ಸೋತಿತು.

ಅಷ್ಟರಲ್ಲಿ ಕಾರಿನ ಸ್ಪೀಕರಿನಲ್ಲಿ ಯಜಮಾನರ ಧ್ವನಿ ಬಂತು. ಹಿಂದೆ ಕಾರ್ಖಾನೆಯ ಸದ್ದು.

"ತಲುಪಿದೆಯಾ?"

"ಆಗಲೇ ತಲುಪಿದೆ ಕಣ್ರೀ," ಎಂದೆ, ಐದನೆಯ ಸಲ ಅದೇ ಮೂಲೆ ತಿರುಗುತ್ತಾ. "ಇನ್ನೂ ನಿಂತಿಲ್ಲ, ಅಷ್ಟೆ."