ಬಚ್ಚಲು ಮೊದಲೇ ಹೇಳಿತ್ತು

ನಮ್ಮ ಮನೆಯ ಕೊಳವೆ ಒಮ್ಮೆಲೇ ಕಟ್ಟಲಿಲ್ಲ; ಅದು ಹೇಳುತ್ತಲೇ ಇತ್ತು, ನಾವು ಕೇಳಲಿಲ್ಲ. ನಡೆದದ್ದು ಇಷ್ಟೇ, ಉಳಿದದ್ದೆಲ್ಲ ನನ್ನ ಮಗನ ಸಬೂಬು. ಮನುಷ್ಯರೂ ಹೀಗೆಯೇ ನೋಡಿ. ಹೊಟ್ಟೆ ಗುಡುಗುಡು ಎಂದಾಗ ನಾಲ್ಕು ಕಾಳು ಅಜವಾನ ತಿನ್ನುವುದಿಲ್ಲ, ಆಸ್ಪತ್ರೆಯ ಮಂಚ ಹತ್ತಿದ ಮೇಲೆ ‘ಏನಾಯಿತೋ ಏನೋ’ ಎನ್ನುತ್ತಾರೆ. ಮೊದಲು ಅಡುಗೆಮನೆಯ ಸಿಂಕಿನ ನೀರು ಇಳಿಯಲು ಮೀನಮೇಷ ಎಣಿಸತೊಡಗಿತು. ಸೊಸೆ ಕುದಿಯುವ ನೀರು ಸುರಿದು ಕೈತೊಳೆದುಕೊಂಡಳು. ಆಮೇಲೆ ಬಟ್ಟೆ ಒಗೆಯುವ ಮಷೀನು ನೀರು ಬಿಟ್ಟರೆ ಬಚ್ಚಲ ಜಾಲರಿ ಗುಳುಗುಳು ಎಂದಿತು. ಕಕ್ಕಸಿನ ನೀರು ಮೇಲೇರಿ, ನಿಂತು, ಯೋಚನೆ ಮಾಡಿ ಇಳಿಯಿತು. ವಾಸನೆ ಬರಲಿಲ್ಲವೇ ಎನ್ನುತ್ತೀರಿ. ನಮ್ಮ ಬ್ಯಾಡಗಿಯವರ ಮೂಗಿಗೆ ಮೆಣಸಿನಕಾಯಿಯ ಘಾಟು ಬಿಟ್ಟು ಬೇರೇನೂ ತಾಗುವುದಿಲ್ಲ.

ನನಗೆ ಅಕ್ಷರ ಅಷ್ಟಕ್ಕಷ್ಟೆ, ಆದರೆ ಇಷ್ಟು ತಿಳಿಯುತ್ತದೆ: ಒಂದು ಕಡೆ ನೀರು ನಿಂತರೆ ಅಲ್ಲೇ ಕಸ, ಮೂರೂ ಕಡೆ ನಿಂತರೆ ಹೊರಗಿನ ದೊಡ್ಡ ಕೊಳವೆಯೇ ಕಟ್ಟುತ್ತಿದೆ. ಅಂದು ಶನಿವಾರ. ಮರುದಿನ ಬಸುರಿ ಮೊಮ್ಮಗಳ ಕುಬಸ, ಅಂದರೆ ಸೀಮಂತ. ರಾಣೆಬೆನ್ನೂರಿನಿಂದ ಅವಳ ಅತ್ತೆಯ ಮನೆಯವರು ಟೆಂಪೋ ತುಂಬ ಬರುವವರಿದ್ದರು.

“ಕುಬಸ ಮುಗೀಲಿ ತಡಿ ಯವ್ವಾ. ಈಗ ಯಾಕ ಅಂಗಳ ಹೊಲಸು ಮಾಡೂದು?” ಎಂದ ಮಗ.

“ಬೀಗರು ಬಂದ್ರ ಕಾಲಿಗೆ ನೀರು ಕೊಡಬೇಕಪಾ, ಬಚ್ಚಲ ನೀರಲ್ಲ. ನಾಳೆ ಅದು ಉಕ್ಕಿದ್ರ ಆ ಹುಡುಗಿ ಸಾಯೂತನಕ ಅತ್ತಿ ಬಾಯಾಗ ಅದನ್ನ ಕೇಳ್ಬೇಕು. ಲಗೂ ಕರ್ಕೊಂಡು ಬಾ ಪೈಪಿನವನ್ನ.”

“ದೊಡ್ಡ ಬಚ್ಚಲ ಡಾಕ್ಟರ್ ಆಗೀದಿ ನೋಡು!”

“ಹೂಂ, ಫೀ ಕೊಡಬ್ಯಾಡ. ಏಳು.”

ಅವನು ಏಳಲಿಲ್ಲ. ನಾನು ಹೊರಗೆ ಹೋಗಿ, ಮನೆಯ ಕೊಳವೆಗಳೆಲ್ಲ ಕೂಡುವ ಚೇಂಬರಿನ ಮುಚ್ಚಳದ ಮೇಲೆ ಕುರ್ಚಿ ಹಾಕಿಕೊಂಡು ಕುಳಿತೆ. “ಯಾಕ ಆಯಿ, ಇಲ್ಲ್ಯಾಕ ಕುಂತೀರಿ?” ಎಂದು ಹಾದುಹೋಗುವವರೆಲ್ಲ ಕೇಳಿದರು. ಎಲ್ಲರಿಗೂ ಬಿಡಿಸಿ, ದೊಡ್ಡ ದನಿಯಲ್ಲಿ ಹೇಳಿದೆ. ಮಗ ನಾಚಿಕೆಗೆ ಬೈಕು ಹತ್ತಿದ.

ಪೈಪಿನವನು ಸಂಜೆಗೆ ಬಂದು ಮುಚ್ಚಳ ತೆಗೆದು ಸರಳು ತೂರಿಸಿ ಎಳೆದ. ಬಂದದ್ದು ಮೆಣಸಿನಕಾಯಿಯ ತೊಟ್ಟು, ಬೀಜ, ಎಲ್ಲ ಎಣ್ಣೆಯಲ್ಲಿ ಕಲಸಿ ಕಟ್ಟಿದ ಉಂಡಿಯ ಹಾಗೆ. ನಮ್ಮ ಪಡಸಾಲೆಯಲ್ಲಿ ಓಣಿಯ ಹೆಂಗಸರು ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾರೆ. ಕೈ ಉರಿಯುತ್ತದೆಂದು ಎಣ್ಣೆ ಸವರಿಕೊಂಡು, ಆಮೇಲೆ ಅಂಟಿದ ತೊಟ್ಟು, ಬೀಜದ ಸಮೇತ ಬಚ್ಚಲಲ್ಲಿ ಸೋಪು ಹಚ್ಚಿ ತೊಳೆಯುತ್ತಾರೆ. ‘ಇನ್ನಷ್ಟು ಹಚ್ಚಿಕೊಳ್ರೆ’ ಎಂದು ಬಾಟಲಿ ಹಿಡಿದು ನಿಲ್ಲುವವಳು ನಾನು.

“ಎಣ್ಣಿ ಬಾಟ್ಲಿ ಯಾರದು, ಯವ್ವಾ?” ಎಂದ ಮಗ, ಬಹಳ ಮೆಲ್ಲಗೆ.

“ನಂದ. ಕೊಳವಿ ಬಿಚ್ಚಿಸಿದಾಕಿನೂ ನಾನ. ಮುಂದ ಮಾತಾಡು.”

ಅವನು ಪೈಪಿನವನಿಗೆ ದುಡ್ಡು ಎಣಿಸಿದ.

ಮರುದಿನ ಬೆಳಿಗ್ಗೆ ಬೀಗರು ಇಳಿದರು. ಕಾಲಿಗೆ ನೀರು ಕೊಟ್ಟೆವು, ಸರ್ರನೆ ಹರಿದುಹೋಯಿತು. “ಬಚ್ಚಲ ಯಾವ ಕಡೆ ಐತ್ರಿ?” ಎಂದರು ಬೀಗಿತ್ತಿ. ನಾನು ದಾರಿ ತೋರಿಸುವ ಮೊದಲು ಅವರ ಎರಡೂ ಕೈ ಹಿಡಿದು, ಅಂಗೈ ತಿರುಗಿಸಿ, ಎಣ್ಣೆಯಿದೆಯೇ ಎಂದು ಮೂಸಿ ನೋಡಿದೆ. ಅವರು ಅದನ್ನು ಪ್ರೀತಿಯೆಂದುಕೊಂಡು ಬಗ್ಗಿ ನನ್ನ ಕಾಲು ಮುಟ್ಟಿದರು. ನಾನೂ ಅಲ್ಲವೆನ್ನಲಿಲ್ಲ.